ಕೌದಿಯೂ ಹೊಲಿಗೆಯ ಯಂತ್ರವೂ

ಐವತ್ತು ವರ್ಷ ದಾಟಿದ ಗೃಹಿಣಿಯೊಬ್ಬಳು ಹೊಸದಾಗಿ ಒಂದು ಕೆಲಸವನ್ನು ಕಲಿಯಲು ಹೊರಟರೆ ಮನೆಯವರು ಮೊದಲು ನಗುತ್ತಾರೆ, ಆಮೇಲೆ ಕನಿಕರಪಡುತ್ತಾರೆ, ಕಟ್ಟಕಡೆಗೆ ಊಟಕ್ಕೆ ಹೊತ್ತಾಯಿತೆಂದು ನೆನಪು ಮಾಡಿಕೊಡುತ್ತಾರೆ. ಕಳೆದ ವರ್ಷ ಈ ಮೂರನ್ನೂ ನಾವು ಅನುಭವಿಸಿದೆವು. ಮಕ್ಕಳ ಲಂಗ, ದಿಂಬಿನ ಚೀಲ, ಹರಿದ ಹಾಸಿಗೆಯ ಅಂಚು ಮೊದಲಾದುವನ್ನು ಮೂವತ್ತು ವರ್ಷಗಳಿಂದ ಹೊಲಿದುಕೊಂಡು ಬಂದ ನಮಗೆ ಹೊಲಿಗೆಯ ಯಂತ್ರದ ವಿಷಯದಲ್ಲಿ ಕಲಿಯತಕ್ಕದ್ದು ಇನ್ನೇನೂ ಉಳಿದಿಲ್ಲವೆಂಬ ಒಂದು ಸಣ್ಣ ಅಹಂಕಾರವಿತ್ತು. ಆ ಅಹಂಕಾರವು ಮುರಿದ ಬಗೆಯನ್ನೂ ಅದರಿಂದ ನಮಗಾದ ಲಾಭವನ್ನೂ ವಾಚಕ ಸೋದರಿಯರ ಮುಂದಿಡುವುದು ಈ ಲೇಖನದ ಉದ್ದೇಶವಾಗಿದೆ.

ಕೌದಿಯೆಂದರೇನೆಂಬುದನ್ನು ಉತ್ತರ ಕರ್ನಾಟಕದ ಮನೆಗಳಲ್ಲಿ ಯಾರಿಗೂ ಹೇಳಿಕೊಡಬೇಕಾದುದಿಲ್ಲ. ಉಟ್ಟು ಉಟ್ಟು ಮೆತ್ತಗಾದ ಸೀರೆ ಧೋತರಗಳನ್ನು ಮೂರು ನಾಲ್ಕು ಪದರಾಗಿ ಹಾಸಿ, ಮೇಲೆ ಬಣ್ಣಬಣ್ಣದ ತುಂಡುಗಳನ್ನು ಕೂಡಿಸಿ, ಸಾಲುಸಾಲಾಗಿ ಸಣ್ಣ ಹೊಲಿಗೆ ಹಾಕಿದ ಹೊದಿಕೆಯೇ ಕೌದಿ. ವಂಗದೇಶದಲ್ಲಿ ಕಾಂಥಾ ಎಂದೂ ಬಿಹಾರದಲ್ಲಿ ಸುಜನಿ ಎಂದೂ ಇದರ ಅಕ್ಕತಂಗಿಯರಿದ್ದಾರೆ. ನಮ್ಮ ನೆರೆಯ ಉತ್ತರ ಕನ್ನಡ ಜಿಲ್ಲೆಯ ಯಲ್ಲಾಪುರ, ಹಳಿಯಾಳ, ಮುಂಡಗೋಡಗಳ ಕಡೆಯ ಸಿದ್ದಿ ಸ್ತ್ರೀಯರು ಹೊಲಿಯುವ ಕವಂದಿಯನ್ನು ಈಗ ಪರದೇಶದವರೂ ಅರಿತಿದ್ದಾರೆ. ಆ ಸೋದರಿಯರು ಕವಂದಿಯನ್ನು ಅಂಚಿನಿಂದ ಆರಂಭಿಸಿ, ಸುತ್ತುಸುತ್ತಾಗಿ ಒಳಕ್ಕೆ ಸರಿಯುತ್ತ, ನಡುವಿನಲ್ಲಿ ಮುಗಿಸುತ್ತಾರೆ. ನಾಲ್ಕು ಮೂಲೆಗಳಿಗೂ ಮಡಿಸಿದ ಬಟ್ಟೆಯ ಹೂಗಳನ್ನು ಇಡುತ್ತಾರೆ. ಧಾರವಾಡದವರಾದ ನಮ್ಮ ಅತ್ತೆಯವರ ಪದ್ಧತಿಯೂ ಅಂಚಿನಿಂದ ನಡುವಿಗೆ ಬರುವುದೇ ಆಗಿತ್ತು. ಈ ಮಾತನ್ನು ವಾಚಕರು ನೆನಪಿನಲ್ಲಿಡಬೇಕು. ನಮ್ಮ ಮುಂದಿನ ತೊಡಕೆಲ್ಲವೂ ಇದರಿಂದಲೇ ಹುಟ್ಟಿತು.

ಅತ್ತೆಯವರಿಗೆ ಈಗ ಎಪ್ಪತ್ತೆಂಟು ವರ್ಷ. ಮೊಮ್ಮಕ್ಕಳಲ್ಲಿ ಒಬ್ಬೊಬ್ಬರಿಗೂ ತೊಟ್ಟಿಲಿಗೆ ಹಾಕುವ ಮೊದಲೇ ಒಂದೊಂದು ಕೌದಿಯನ್ನು ಅವರು ಕೈಯಾರೆ ಹೊಲಿದಿದ್ದಾರೆ. ಮರಿಮಕ್ಕಳಿಗೆಂದು ಒಂದನ್ನು ನಾಲ್ಕು ವರ್ಷಗಳ ಹಿಂದೆ ಆರಂಭಿಸಿದ್ದರು. ಉದ್ದ ನಾಲ್ಕು ಅಡಿ, ಅಗಲ ಮೂರಡಿ. ಮೇಲಿನ ಪದರು ಅವರ ತಾಯಿಯವರ ಇಳಕಲ್ ಸೀರೆಯದು. ಕೆಂಪು ಸೆರಗು ಒಂದು ಪಕ್ಕಕ್ಕೆ ಬರುವಂತೆ ಹಾಸಿದ್ದರು. ಸುತ್ತಲಿಂದ ಹೊಲಿಯುತ್ತ ಬಂದು ನಡುವೆ ಎರಡು ಗೇಣು ಉದ್ದ, ಒಂದೂವರೆ ಗೇಣು ಅಗಲದ ಜಾಗ ಉಳಿದಿರುವಾಗ ಸಂಧಿವಾತವು ಅವರ ಬೆರಳುಗಳನ್ನು ಹಿಡಿಯಿತು. ಗೆಣ್ಣುಗಳು ಊದಿದವು, ಸೂಜಿ ನಿಲ್ಲದಾಯಿತು. ಕೌದಿಯನ್ನು ಮಡಿಸಿ ಟ್ರಂಕಿನಲ್ಲಿಟ್ಟರು. ಅದರ ಮಾತನ್ನು ಅವರೂ ಎತ್ತಲಿಲ್ಲ, ನಾವೂ ಎತ್ತಲಿಲ್ಲ.

ಕಳೆದ ಕಾರ್ತಿಕದಲ್ಲಿ ನಮ್ಮ ಮಗಳಿಗೆ ಏಳು ತಿಂಗಳ ಕುಬಸ ಮಾಡಿದೆವು. ಬಂದವರೆಲ್ಲ ಹೋದ ಮೇಲೆ ಅತ್ತೆಯವರು ಟ್ರಂಕನ್ನು ತೆರೆದು, ಕೌದಿಯನ್ನು ತೊಡೆಯ ಮೇಲೆ ಹರವಿಕೊಂಡು, ಉಳಿದ ಜಾಗದ ಮೇಲೆ ಅಂಗೈಯಾಡಿಸುತ್ತ ಕುಳಿತಿದ್ದುದನ್ನು ನಾವು ಬಾಗಿಲಲ್ಲಿ ನಿಂತು ಕಂಡೆವು. ನಮ್ಮ ಕೈಹೊಲಿಗೆ ಅವರ ಸಾಲಿಗೆ ಹೊಂದುವಂಥದಲ್ಲವೆಂಬುದು ಇಬ್ಬರಿಗೂ ಗೊತ್ತು. ಆದರೆ ಮನೆಯಲ್ಲಿ ಮಾವನವರು ಕೊಂಡಿದ್ದ, ಕಾಲಿನಿಂದ ತುಳಿಯುವ ಯಂತ್ರವೊಂದಿತ್ತಲ್ಲ! ಮಾಘದೊಳಗೆ ಇದನ್ನು ಯಂತ್ರದಲ್ಲಿ ಮುಗಿಸಿಕೊಡುತ್ತೇವೆಂದು ನಾವು ಮುಂದುವರಿದು ಹೇಳಿಬಿಟ್ಟೆವು. ಅತ್ತೆಯವರು ಹೂಂ ಎನ್ನಲಿಲ್ಲ, ಉಹೂಂ ಎನ್ನಲೂ ಇಲ್ಲ. “ಮಶೀನಿನ ಹೊಲಿಗಿ ಕೌದಿ ಆಗ್ತದೇನು?” ಎಂದಷ್ಟೇ ಕೇಳಿದರು.

ಇದೇ ಪ್ರಶ್ನೆಯನ್ನು ಬೇರೆ ದೇಶಗಳಲ್ಲಿಯೂ ಬಹಳ ಕಾಲ ಕೇಳಿದ್ದಾರೆ. ಅಮೆರಿಕದಲ್ಲಿ ಎಲಿಯಾಸ್ ಹೋವ್ ಎಂಬವನು ಎರಡು ದಾರಗಳು ಒಂದಕ್ಕೊಂದು ಕೊಂಡಿಯಾಗುವ ಹೊಲಿಗೆಯ ಯಂತ್ರಕ್ಕೆ 1846ರಲ್ಲಿಯೂ, ಐಸಾಕ್ ಸಿಂಗರ್ ಎಂಬವನು ತನ್ನ ಸುಧಾರಿಸಿದ ಯಂತ್ರಕ್ಕೆ 1851ರಲ್ಲಿಯೂ ಹಕ್ಕುಪತ್ರಗಳನ್ನು ಪಡೆದರು. ಯಂತ್ರಗಳನ್ನು ಕುರಿತು ಕಠಿಣವಾಗಿ ಮಾತನಾಡುತ್ತಿದ್ದ ಗಾಂಧೀಜಿಯವರು ಸಹ 1924ರಲ್ಲಿ ಈ ಯಂತ್ರವನ್ನು ತಮ್ಮ ಆಕ್ಷೇಪಣೆಯಿಂದ ಹೊರಗಿಟ್ಟರು. ಹೆಂಡತಿಯ ಬೇಸರದ ದುಡಿಮೆಯನ್ನು ತಪ್ಪಿಸಬೇಕೆಂಬ ಪ್ರೀತಿಯು ಅದರ ಹುಟ್ಟಿನಲ್ಲಿದೆಯೆಂಬುದು ಅವರ ಎಣಿಕೆಯಾಗಿತ್ತು. ಇಷ್ಟಾದರೂ ಅಮೆರಿಕದ ಕೌದಿಗಾರ್ತಿಯರಲ್ಲಿ ಕೈಯಿಂದ ಪದರು ಹೊಲಿದುದೇ ನಿಜವಾದುದೆಂಬ ಭಾವನೆ ಬಲವಾಗಿತ್ತು. ಕೆಂಟಕಿ ಪ್ರಾಂತದ ಪಡೂಕಾ ನಗರದಲ್ಲಿ ನಡೆಯುವ ದೊಡ್ಡ ಪ್ರದರ್ಶನದಲ್ಲಿ, 1989ರಲ್ಲಿ, ಕ್ಯಾರಲ್ ಬ್ರಾಯರ್ ಫಾಲರ್ಟ್ ಎಂಬ ಸ್ತ್ರೀಯ ಯಂತ್ರದಿಂದ ಹೊಲಿದ ಸೂರ್ಯಗ್ರಹಣದ ಹೊದಿಕೆಗೆ ಮೊದಲನೆಯ ಬಹುಮಾನ ಬಂದಾಗಲೇ ಆ ಪ್ರದರ್ಶನದಲ್ಲಿ ಯಂತ್ರದ ಕೆಲಸಕ್ಕೆ ಮೊತ್ತಮೊದಲಿಗೆ ಆ ಗೌರವ ದೊರೆತದ್ದು. ಹೀಗಿರುವಾಗ ನಮ್ಮ ಅತ್ತೆಯವರು ಸಂದೇಹಪಟ್ಟುದರಲ್ಲಿ ಆಶ್ಚರ್ಯವೇನು?

ಸಾಮಾನ್ಯವಾಗಿ ಹೊಲಿಯುವಂತೆ ನೆಟ್ಟಗೆ ಗೆರೆ ಎಳೆದು ಹೊಲಿದರಾಯಿತೆಂದು ನಾವು ಮೊದಲು ತಿಳಿದಿದ್ದೆವು. ಹಳೆಯ ಧೋತರದ ನಾಲ್ಕು ಪದರನ್ನು ಇಟ್ಟು ನೋಡಿದಾಗ ಅದರ ದೋಷ ಗೊತ್ತಾಯಿತು. ಯಂತ್ರದಲ್ಲಿ ಸೂಜಿಯ ಕೆಳಗೆ ಗರಗಸದಂಥ ಸಣ್ಣ ಹಲ್ಲುಗಳಿವೆ. ಒಂದೊಂದು ಹೊಲಿಗೆಗೂ ಅವು ಮೇಲೆದ್ದು ಬಟ್ಟೆಯನ್ನು ಹಿಂದಕ್ಕೆ ಎಳೆಯುತ್ತವೆ. ಮೇಲಿನಿಂದ ಒಂದು ಪಾದವು ಬಟ್ಟೆಯನ್ನು ಒತ್ತಿಹಿಡಿಯುತ್ತದೆ. ಹಲ್ಲು ಹಿಡಿದ ಕೆಳಪದರು ಮುಂದೆ ಸಾಗಿದರೆ, ಪಾದದ ಕೆಳಗಿನ ಮೇಲ್ಪದರು ಹಿಂದುಳಿಯುತ್ತದೆ. ಎರಡು ಪದರಿದ್ದಾಗ ಈ ಅಂತರವು ಕಾಣುವುದಿಲ್ಲ. ನಾಲ್ಕಿದ್ದರೆ ಗೆರೆಯ ಕೊನೆಯಲ್ಲಿ ಮೇಲಿನ ಬಟ್ಟೆ ನಿರಿಗೆಯಾಗಿ ನಿಲ್ಲುತ್ತದೆ. ಇದಲ್ಲದೆ ಅತ್ತೆಯವರ ಸಾಲುಗಳು ಮೂಲೆಗಳಲ್ಲಿ ದುಂಡಗೆ ತಿರುಗುತ್ತಿದ್ದವು. ಹಲ್ಲಿನ ಯಂತ್ರವು ಒಂದೇ ದಿಕ್ಕಿಗೆ ನಡೆಯುವ ಎತ್ತಿನಂತೆ. ತಿರುವಿಗೊಮ್ಮೆ ಇಡೀ ಬಟ್ಟೆಯನ್ನು ತಿರುಗಿಸಬೇಕು.

ನಮ್ಮ ಓಣಿಯಲ್ಲಿ ಹೆಣ್ಣುಮಕ್ಕಳಿಗೆ ಹೊಲಿಗೆ ಕಲಿಸುವ ಬಾಯಿಯೊಬ್ಬರು ಇದಕ್ಕೆ ಉಪಾಯವನ್ನು ಹೇಳಿದರು. ಇಂಗ್ಲಿಷಿನಲ್ಲಿ ಅದಕ್ಕೆ ಫ್ರೀ ಮೋಷನ್ ಕ್ವಿಲ್ಟಿಂಗ್ ಎಂಬ ಹೆಸರಿದೆ. ನಾವು ಮನೆಯಲ್ಲಿ ಬಿಡುಗೈ ಹೊಲಿಗೆ ಎಂದು ಕರೆದುಕೊಂಡೆವು. ಅದರ ತತ್ವವು ಇಷ್ಟೇ: ಹಲ್ಲುಗಳನ್ನು ಕೆಳಗಿಳಿಸಬೇಕು, ಇಳಿಯದ ಯಂತ್ರವಾದರೆ ಅವುಗಳ ಮೇಲೆ ತಗಡಿನ ಮುಚ್ಚಳವನ್ನು ಕೂಡಿಸಬೇಕು. ಒತ್ತುವ ಪಾದವನ್ನು ತೆಗೆದು, ರಫೂ ಮಾಡಲು ಬಳಸುವ ಸ್ಪ್ರಿಂಗಿನ ಪಾದವನ್ನು ಹಾಕಬೇಕು. ಈ ಪಾದವು ಸೂಜಿ ಬಟ್ಟೆಯಲ್ಲಿರುವಾಗ ಮಾತ್ರ ಬಟ್ಟೆಯನ್ನು ಮುಟ್ಟುತ್ತದೆ. ಸೂಜಿ ಮೇಲೆದ್ದೊಡನೆ ತಾನೂ ಎದ್ದು ದಾರಿ ಬಿಡುತ್ತದೆ. ಆಗ ಬಟ್ಟೆಯನ್ನು ಮುಂದಕ್ಕೆ, ಹಿಂದಕ್ಕೆ, ಎಡಕ್ಕೆ, ಬಲಕ್ಕೆ, ಎತ್ತ ಬೇಕಾದರತ್ತ ಕೈಯಿಂದ ಸರಿಸಬಹುದು. ಯಂತ್ರದ ಕಸೂತಿ ಮಾಡುವವರು ಬಟ್ಟೆಯನ್ನು ಬಳೆಗೆ ಬಿಗಿದು ಇದೇ ತತ್ವದಿಂದ ಎಲೆ ಹೂಗಳನ್ನು ತುಂಬುತ್ತಾರೆ. ಕಾಲಿನ ಯಂತ್ರವು ಇದಕ್ಕೆ ಅನುಕೂಲವಾದುದು. ಎರಡು ಕೈಗಳೂ ಬಟ್ಟೆಯ ಮೇಲಿರಬಹುದು, ವೇಗವೂ ನಮ್ಮ ಪಾದದ ವಶದಲ್ಲಿರುತ್ತದೆ.

ಕೇಳಲು ಇದು ಸುಲಭ. ಮರುದಿನ ಮಧ್ಯಾಹ್ನ ಧೋತರದ ತುಂಡನ್ನು ಇಟ್ಟುಕೊಂಡು ತುಳಿದೆವು. ಹತ್ತು ಹೊಲಿಗೆ ಬೀಳುವಷ್ಟರಲ್ಲಿ ಯಂತ್ರವು ಗಕ್ಕನೆ ನಿಂತಿತು. ಬಟ್ಟೆಯನ್ನು ಎತ್ತಿದರೆ ಬರಲೊಲ್ಲದು. ಕೆಳಗೆ ಗುಬ್ಬಿಯ ಗೂಡಿನಂತೆ ದಾರದ ಮುದ್ದೆ. ಕತ್ತರಿಸಿ ಬಿಡಿಸಿ ಮತ್ತೆ ಕೂತೆವು; ಮತ್ತೆ ಗೂಡು. ಬಾಬಿನ್ನಿನ ದೋಷವೆಂದುಕೊಂಡು ಅದನ್ನು ಮೂರು ಸಲ ಬಿಚ್ಚಿ ಜೋಡಿಸಿದೆವು. ಅದು ನಿರಪರಾಧಿಯಾಗಿತ್ತು. ಸ್ಪ್ರಿಂಗಿನ ಪಾದವು ಬಟ್ಟೆಯನ್ನು ಒತ್ತದಿರುವುದರಿಂದ, ಪಾದವನ್ನು ಇಳಿಸುವ ಹಿಂದಿನ ಹಿಡಿಯನ್ನು ಇಳಿಸಿದ್ದೇವೋ ಇಲ್ಲವೋ ಎಂಬುದು ಕಣ್ಣಿಗೆ ತಿಳಿಯುವುದಿಲ್ಲ. ಆ ಹಿಡಿ ಮೇಲಿದ್ದರೆ ಮೇಲಿನ ದಾರವನ್ನು ಬಿಗಿಹಿಡಿಯುವ ತಟ್ಟೆಗಳು ಸಡಿಲವಾಗಿಯೇ ಇರುತ್ತವೆ. ದಾರವು ಅಂಕೆಯಿಲ್ಲದೆ ಕೆಳಗಿಳಿದು ಮುದ್ದೆಗಟ್ಟುತ್ತದೆ. ಹೊಸಬರಲ್ಲಿ ಹೆಚ್ಚಿನವರು ಮೊದಲು ಮಾಡುವ ತಪ್ಪು ಇದೇ ಎಂದು ಹೊಲಿಗೆಯ ಬಾಯಿಯವರು ನಕ್ಕರು. ಅಂದಿನಿಂದ ಮೂರು ಕಟ್ಟಳೆಗಳನ್ನು ಬಾಯಿಪಾಠ ಮಾಡಿದೆವು: ಹಿಡಿ ಇಳಿಸಬೇಕು, ಚಕ್ರವನ್ನು ಕೈಯಿಂದ ಒಂದು ಸುತ್ತು ತಿರುಗಿಸಿ ಕೆಳಗಿನ ದಾರವನ್ನು ಮೇಲಕ್ಕೆ ಎಳೆದುಕೊಳ್ಳಬೇಕು, ಎರಡು ದಾರಗಳ ತುದಿಯನ್ನೂ ಬೆರಳಿನಿಂದ ಹಿಡಿದು, ಇದ್ದಲ್ಲಿಯೇ ಮೂರು ನಾಲ್ಕು ಸಣ್ಣ ಹೊಲಿಗೆ ಹಾಕಿದ ಮೇಲೆ ಮುಂದಕ್ಕೆ ಹೊರಡಬೇಕು.

ಗೂಡು ಕಟ್ಟುವುದು ನಿಂತಿತು. ಆದರೆ ಹೊಲಿಗೆ ಹೊಲಿಗೆಯಂತಿರಲಿಲ್ಲ. ಒಂದು ಕಡೆ ಎಳ್ಳು ಚೆಲ್ಲಿದಂತೆ ಒತ್ತೊತ್ತಾಗಿ, ಇನ್ನೊಂದು ಕಡೆ ಬೇಲಿಯ ಗೂಟಗಳಂತೆ ದೂರದೂರ. ತಿರುವುಗಳಲ್ಲಿ ಕೈ ಜಾರಿ ಓಡುತ್ತಿತ್ತು. ಹಿಂಭಾಗವನ್ನು ತಿರುಗಿಸಿ ನೋಡಿದರೆ ಅಲ್ಲಿ ಮೇಲಿನ ದಾರವು ಕಣ್ಣೆವೆಗಳಂತೆ ಹೊರಚಾಚಿರುತ್ತಿತ್ತು. ಗಾಬರಿಯಿಂದ ಬಟ್ಟೆಯನ್ನು ಜಗ್ಗಿ ಎರಡು ಸೂಜಿಗಳನ್ನು ಮುರಿದೆವು. ಹೆಗಲುಗಳು ಕಿವಿಯವರೆಗೆ ಏರಿದ್ದುದು ರಾತ್ರಿ ನೋಯುವಾಗ ತಿಳಿಯುತ್ತಿತ್ತು.

ಇದರ ಕಾರಣವನ್ನು ಲೆಕ್ಕದಿಂದ ಹೇಳಬಹುದು. ನಮ್ಮ ಯಂತ್ರದಲ್ಲಿ ಒಂದು ತುಳಿತಕ್ಕೆ ಸೂಜಿಯು 4 ಸಲ ಇಳಿಯುತ್ತದೆ. ನಿಮಿಷಕ್ಕೆ 50 ಸಲ ತುಳಿದರೆ 200 ಹೊಲಿಗೆ. ಅದೇ ನಿಮಿಷದಲ್ಲಿ ಕೈಯು ಬಟ್ಟೆಯನ್ನು 20 ಅಂಗುಲ ಸರಿಸಿದರೆ ಅಂಗುಲಕ್ಕೆ 10 ಹೊಲಿಗೆ ಬೀಳುತ್ತವೆ. ಇದು ಚೆನ್ನಾದ ಅಳತೆ. ಕೈಯು 40 ಅಂಗುಲ ಓಡಿದರೆ ಅಂಗುಲಕ್ಕೆ 5. 10 ಅಂಗುಲಕ್ಕೆ ತಡೆದರೆ ಅಂಗುಲಕ್ಕೆ 20 ಆಗಿ ಬಟ್ಟೆ ರಟ್ಟಿನಂತೆ ಬಿರುಸಾಗುತ್ತದೆ. ಸಾಮಾನ್ಯ ಹೊಲಿಗೆಯಲ್ಲಿ ಈ ಲೆಕ್ಕವನ್ನೆಲ್ಲ ಹಲ್ಲುಗಳೇ ನೋಡಿಕೊಳ್ಳುತ್ತವೆ. ಮೂವತ್ತು ವರ್ಷ ನಾವು ನಮ್ಮ ಹೊಲಿಗೆ ಎಂದು ಹೆಮ್ಮೆಪಟ್ಟುದರಲ್ಲಿ ಅರ್ಧ ಪಾಲು ಆ ಹಲ್ಲುಗಳಿಗೆ ಸೇರತಕ್ಕದ್ದೆಂಬುದು ಅವನ್ನು ಇಳಿಸಿದ ಮೇಲೆ ನಮಗೆ ಗೊತ್ತಾಯಿತು.

ಲೆಕ್ಕವು ತಿಳಿದಷ್ಟರಿಂದ ಕೈಯು ಮಾತು ಕೇಳಲಿಲ್ಲ. ಒಂದು ಬೆಳಗ್ಗೆ ನಾವು ಬಾಗಿಲ ಮುಂದೆ ರಂಗೋಲಿ ಹಾಕುತ್ತಿರುವಾಗ ಅತ್ತೆಯವರು ಕಟ್ಟೆಯ ಮೇಲೆ ಬಿಸಿಲು ಕಾಯಿಸುತ್ತ ಕುಳಿತಿದ್ದರು. ಹಿಂದಿನ ದಿನ ನಾವು ಕೆಡಿಸಿದ ತುಂಡೊಂದು ಅವರ ಕೈಯಲ್ಲಿತ್ತು. ಅದನ್ನು ಬೆರಳಿನಿಂದ ಸವರುತ್ತ, “ಇದು ರಂಗೋಲೀನಽ ಹೌದಲ್ಲ! ಪುಡಿ ಬಿಡೂದು ಒಂದಽ ಸಮ ಇರಬೇಕವಾ. ಕೈ ಓಡಿದರ ಎಳಿ ತೆಳ್ಳಗಾಗ್ತದ, ಕೈ ನಿಂತರ ಗುಡ್ಡಿ ಬೀಳ್ತದ” ಎಂದರು. ನಾವು ಪುಡಿಯ ಬಟ್ಟಲನ್ನು ಹಿಡಿದಂತೆಯೇ ಅವರ ಮುಖವನ್ನು ನೋಡಿದೆವು. ಯಂತ್ರವನ್ನು ಜನ್ಮದಲ್ಲಿ ಮುಟ್ಟದವರು ನಮ್ಮ ಎರಡು ವಾರಗಳ ಕಷ್ಟವನ್ನು ಎರಡು ಮಾತಿನಲ್ಲಿ ಬಿಡಿಸಿದ್ದರು.

ನಿಜವಾಗಿಯೂ ಅದು ಹಾಗೆಯೇ. ಹೆಬ್ಬೆರಳು ತೋರುಬೆರಳುಗಳ ನಡುವಿನಿಂದ ಪುಡಿಯು ಎಡೆಬಿಡದೆ ಇಳಿಯುತ್ತಿರುತ್ತದೆ. ಎಳೆಯ ದಪ್ಪವನ್ನು ನಿರ್ಣಯಿಸುವುದು ಕೈಯ ನಡೆ. ಕಾಲು ತುಳಿಯುವುದು ಪುಡಿ ಬಿಟ್ಟಂತೆ. ಬಟ್ಟೆ ಸರಿಸುವುದು ಎಳೆ ಎಳೆದಂತೆ. ರಂಗೋಲಿ ಹಾಕುವಾಗ ಯಾವ ಹೆಂಗಸೂ ತಾನು ಪುಡಿ ಬಿಡುತ್ತಿರುವುದನ್ನು ನೆನೆಯುವುದಿಲ್ಲ. ಕಣ್ಣು ಮುಂದಿನ ಚುಕ್ಕೆಯ ಮೇಲಿರುತ್ತದೆ. ನಾವು ಮಾತ್ರ ಯಂತ್ರದ ಮುಂದೆ ಸೂಜಿಯನ್ನೇ ದಿಟ್ಟಿಸುತ್ತಿದ್ದೆವು. ಅಂದಿನಿಂದ ಸೂಜಿಯನ್ನು ಬಿಟ್ಟು, ಅದು ಹೋಗಿ ಸೇರಬೇಕಾದ ಜಾಗವನ್ನು, ಅಂದರೆ ಒಂದು ಅಂಗುಲ ಮುಂದಕ್ಕೆ, ನೋಡತೊಡಗಿದೆವು. ಕಾಲಿನ ತುಳಿತವನ್ನು ಒಂದೇ ಸಮನೆ ಇಡಲು ಮನಸ್ಸಿನಲ್ಲಿಯೇ ದೇವರನಾಮವೊಂದರ ತಾಳವನ್ನು ಹಿಡಿದೆವು.

ಒಂದು ವ್ಯತ್ಯಾಸವುಂಟು. ರಂಗೋಲಿಯಲ್ಲಿ ನೆಲವು ನಿಂತು ಕೈ ಓಡಾಡುತ್ತದೆ. ಇಲ್ಲಿ ಸೂಜಿಯು ನಿಂತು ನೆಲವೇ ಓಡಾಡುತ್ತದೆ. ಲೇಖಣಿಯನ್ನು ಅಲುಗಿಸದೆ ಕಾಗದವನ್ನು ಸರಿಸಿ ಹೆಸರು ಬರೆಯಲು ಯತ್ನಿಸಿದರೆ ವಾಚಕರಿಗೆ ಈ ತೊಡಕು ತಿಳಿದೀತು. ಆದುದರಿಂದ ಮಕ್ಕಳ ಹಳೆಯ ಸ್ಲೇಟನ್ನು ತೆಗೆದು, ಹೊಲಿಯಬೇಕಾದ ಬಳ್ಳಿಯನ್ನು ಕೈ ಎತ್ತದೆ ದಿನಕ್ಕೆ ಇಪ್ಪತ್ತು ಸಲ ಬರೆದೆವು. ದಾರಿಯು ಕೈಗೆ ರೂಢಿಯಾದರೆ ಬಟ್ಟೆಯ ಮೇಲೆ ಯೋಚಿಸುವ ಕೆಲಸ ಕಡಿಮೆಯಾಗುತ್ತದೆ. ಎಳೆಯು ಎಳೆಯನ್ನು ದಾಟದೆ, ಹಾವಿನ ಜಾಡಿನಂತೆ ಬಳುಕುತ್ತ ಜಾಗವನ್ನೆಲ್ಲ ತುಂಬುವ ನಮೂನೆಯನ್ನೇ ಹೊಸಬರು ಮೊದಲು ಕಲಿಯುವುದು ವಾಡಿಕೆ; ಅದರಲ್ಲಿ ಸೊಟ್ಟಗಾದರೂ ಸೊಟ್ಟವೆಂದು ಯಾರಿಗೂ ಕಾಣುವುದಿಲ್ಲ.

ಇನ್ನೂ ಕೆಲವು ಸಣ್ಣ ಅನುಕೂಲಗಳನ್ನು ಮಾಡಿಕೊಂಡೆವು. ಒಣಗಿದ ಬೆರಳು ಬಟ್ಟೆಯ ಮೇಲೆ ಜಾರುತ್ತದೆ. ನೋಟುಗಳನ್ನು ಎಣಿಸುವವರು ಬೆರಳಿಗೆ ಹಾಕಿಕೊಳ್ಳುವ ರಬ್ಬರಿನ ಟೊಪ್ಪಿಗೆಗಳನ್ನು ಎರಡು ಕೈಗೂ ಹಾಕಿಕೊಂಡೆವು. ಬಟ್ಟೆಯು ಮೇಜಿನಿಂದ ಕೆಳಕ್ಕೆ ಜೋತುಬಿದ್ದರೆ ಅದರ ಭಾರವೇ ಕೈಯನ್ನು ಎಳೆಯುತ್ತದೆ. ಎಡಕ್ಕೆ ಅಷ್ಟೇ ಎತ್ತರದ ಇನ್ನೊಂದು ಮೇಜನ್ನು ಕೂಡಿಸಿದೆವು. ತೆಳು ಸೂಜಿಯನ್ನು ಬಿಟ್ಟು 16ನೆಯ ನಂಬರಿನದನ್ನು ಹಾಕಿದೆವು. ಮೇಲೆ ಕೆಳಗೆ ಒಂದೇ ಬಣ್ಣದ ಹತ್ತಿಯ ದಾರವನ್ನಿಟ್ಟೆವು. ಬಿಗಿಯು ತುಸು ಹೆಚ್ಚುಕಡಿಮೆಯಾದರೂ ಕಣ್ಣಿಗೆ ಕುಕ್ಕುವುದಿಲ್ಲ. ಇಪ್ಪತ್ತು ನಿಮಿಷಕ್ಕೊಮ್ಮೆ ಎದ್ದು ಹೆಗಲನ್ನು ಇಳಿಸಿ, ಒಲೆಯ ಕಡೆ ಹೋಗಿಬಂದೆವು. ಪುಷ್ಯಮಾಸ ಮುಗಿಯುವ ಹೊತ್ತಿಗೆ ಆರು ಧೋತರಗಳು ಬಲಿಯಾಗಿದ್ದವು; ಏಳನೆಯದರ ಮೇಲೆ ಎಳೆ ಸಮವಾಗಿ ಓಡಿತು. ಅತ್ತೆಯವರು ಅದನ್ನು ಸವರಿ ನೋಡಿ, ಟ್ರಂಕಿನ ಬೀಗದ ಕೈಯನ್ನು ಸೊಂಟದಿಂದ ಬಿಚ್ಚಿ ನಮ್ಮ ಮುಂದಿಟ್ಟರು.

ಈಗ ಮೊದಲು ನೆನಪಿನಲ್ಲಿಡಲು ಹೇಳಿದ ಮಾತಿಗೆ ಬರೋಣ. ಯಂತ್ರದಿಂದ ಪದರು ಹೊಲಿಯುವವರು ನಡುವಿನಿಂದ ಆರಂಭಿಸಿ ಅಂಚಿನ ಕಡೆಗೆ ಹೋಗಬೇಕು. ಪದರುಗಳ ನಡುವೆ ಎಲ್ಲಿಯಾದರೂ ಸಡಿಲವಿದ್ದರೆ ಅದು ಹೊಲಿಗೆಯ ಮುಂದೆ ಮುಂದೆ ಸರಿದು ಅಂಚಿನಿಂದ ಹೊರಕ್ಕೆ ಹೋಗುತ್ತದೆ. ಕೈಯಿಂದ ಅಂಚಿನಿಂದೊಳಕ್ಕೆ ಹೊಲಿಯುವವರು ಒಂದೊಂದು ಸಾಲಿಗೂ ಬಟ್ಟೆಯನ್ನು ಸವರಿ, ಸಡಿಲವನ್ನು ಬೆರಳಿನಿಂದ ಹಂಚಿಕೊಳ್ಳುತ್ತ ಬರುತ್ತಾರೆ. ನಮ್ಮ ಕೌದಿಯಲ್ಲಿ ಸುತ್ತಲೂ ಗೋಡೆಯಂತೆ ಅತ್ತೆಯವರ ಹೊಲಿಗೆ, ನಡುವೆ ನಮ್ಮ ಅಂಗಳ. ಅಲ್ಲಿಂದ ಸಡಿಲವು ಹೊರಕ್ಕೆ ಹೋಗಲು ಬಾಗಿಲೇ ಇರಲಿಲ್ಲ. ಬುದ್ಧಿಯುಳ್ಳವರು ಮುಷ್ಟಿಗೊಂದರಂತೆ ಪಿನ್ನು ಚುಚ್ಚಿ, ಕಚ್ಚಾ ಹೊಲಿಗೆ ಹಾಕಿ, ಸಡಿಲವನ್ನು ಎಲ್ಲ ಕಡೆಗೂ ಹಂಚಿಕೊಂಡು ಹೊಲಿಯುತ್ತಿದ್ದರು. ನಾವು ಏಳನೆಯ ಧೋತರದ ಉತ್ಸಾಹದಲ್ಲಿ ನಾಲ್ಕೇ ಪಿನ್ನು ಚುಚ್ಚಿ ಕುಳಿತೆವು.

ಮುಕ್ಕಾಲು ಭಾಗ ಸರಾಗವಾಗಿ ನಡೆಯಿತು. ಸೆರಗಿನ ಕಡೆಯ ಮೂಲೆಯಲ್ಲಿ, ಅತ್ತೆಯವರ ಕೊನೆಯ ಸಾಲಿಗೆ ನಮ್ಮ ಎಳೆ ಹೋಗಿ ಸೇರಬೇಕಾದಲ್ಲಿ, ಇಳಕಲ್ ಸೀರೆಯು ಬೆರಳಗಲದ ನಿರಿಗೆಯಾಗಿ ಎದ್ದು ನಿಂತಿತು. ನಿಲ್ಲಿಸುವಷ್ಟರಲ್ಲಿ ಸೂಜಿಯು ಅದರ ಮೇಲೆಯೇ ಹಾದುಹೋಯಿತು. ಬಿಚ್ಚೋಣವೆಂದು ಸೂಜಿಯ ಮೊನೆಯಿಂದ ಹೊಲಿಗೆಯನ್ನು ಎತ್ತಿದೆವು. ಎಪ್ಪತ್ತು ವರ್ಷ ದಾಟಿದ ಬಟ್ಟೆ. ದಾರಕ್ಕಿಂತ ಮೊದಲು ಬಟ್ಟೆಯೇ ಬಿಟ್ಟಿತು. ಹೆಬ್ಬೆರಳ ಉಗುರಿನಷ್ಟು ತೂತಾಯಿತು. ಅತ್ತೆಯವರ ತಾಯಿಯ ನೆನಪಿಗೆಂದು ಆ ಮನೆಯಿಂದ ಬಂದ ಬಟ್ಟೆಯೆಂದರೆ ಅದೊಂದೇ. ಆ ಸಾಯಂಕಾಲ ನಾವು ಕೌದಿಯನ್ನು ಮಡಿಸಿ, ನಮ್ಮ ಹಾಸಿಗೆಯ ಕೆಳಗೆ ಇಟ್ಟು, ಎಷ್ಟಾಯಿತೆಂದು ಕೇಳಿದವರಿಗೆ ಕಣ್ಣು ನೋಯುತ್ತಿದೆ ಎಂದು ಉತ್ತರ ಕೊಟ್ಟೆವು. ಎರಡು ದಿನ ಯಂತ್ರದ ಹತ್ತಿರ ಹೋಗಲಿಲ್ಲ. ಐವತ್ತು ದಾಟಿದ ಹೆಂಗಸು ಕೈತಪ್ಪಿ ಹಾಲು ಚೆಲ್ಲಿದ ಹುಡುಗಿಯಂತೆ ಮುಖ ತಪ್ಪಿಸಿಕೊಂಡು ತಿರುಗಾಡಿದೆವೆಂಬುದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೂರನೆಯ ದಿನ ಅತ್ತೆಯವರೇ ಕೌದಿಯನ್ನು ತರಲು ಹೇಳಿದರು. ತಂದು ತೊಡೆಯ ಮೇಲಿಟ್ಟೆವು. ಅವರ ಕಣ್ಣು ಮಂದವಾಗಿದೆ, ಬೆರಳುಗಳೇ ನೋಡುತ್ತವೆ. ಮೊದಲು ತಮ್ಮ ಸಾಲುಗಳನ್ನು, ಆಮೇಲೆ ನಮ್ಮ ಬಳ್ಳಿಯನ್ನು ಸವರುತ್ತ ಬಂದ ಬೆರಳು ಆ ಮೂಲೆಯಲ್ಲಿ ನಿಂತಿತು. ತೂತಿನ ಅಂಚನ್ನು ಒಂದು ಸುತ್ತು ಮುಟ್ಟಿ ನೋಡಿದರು. ನಾವು ಉಸಿರು ಹಿಡಿದು ನಿಂತಿದ್ದೆವು.

“ಕೌದಿ ಅಂದರ ಏನಂತ ತಿಳದೀಯವಾ? ಹರದದ್ದಕ್ಕ ಹಚ್ಚಿದ ತ್ಯಾಪಿ. ಇನ್ನೊಂದು ತ್ಯಾಪಿ ಬಿದ್ದರ ಅದಕ್ಕೇನು ಭಾರ ಆಗ್ತದೇನು?” ಎಂದರು. ಸ್ವಲ್ಪ ಹೊತ್ತು ಸುಮ್ಮನಿದ್ದು, “ಮುಚ್ಚಿ ಇಟ್ಟದ್ದು ಮಾತ್ರ ಚಲೋ ಆಗಲಿಲ್ಲ ನೋಡು” ಎಂದರು. ತೂತಿನ ಮಾತು ಅಲ್ಲಿಗೆ ಮುಗಿಯಿತು. ಎರಡನೆಯ ಮಾತು ಮಾತ್ರ ನಮ್ಮ ಮನಸ್ಸಿನಲ್ಲಿ ಬಹುದಿನ ಉಳಿಯಿತು.

ತೇಪೆಗೆ ಯಾವ ಬಟ್ಟೆಯೆಂಬ ಪ್ರಶ್ನೆ ಬಂದಿತು. ಅವರ ಗಂಟಿನಲ್ಲಿ ತುಂಡುಗಳಿಗೆ ಕೊರತೆಯಿರಲಿಲ್ಲ. ಆದರೂ ನಮ್ಮ ಮದುವೆಯಲ್ಲಿ ತವರಿನವರು ಉಡಿಸಿದ, ಈಗ ಮಡಿಕೆಗಳಲ್ಲಿ ಸೀಳಿರುವ ಸೀರೆಯನ್ನು ತರಲು ಹೇಳಿ, ಅದರಿಂದ ಅಂಗೈ ಅಗಲದ ಹಸಿರು ತುಂಡನ್ನು ಕತ್ತರಿಸಿ ಕೊಟ್ಟರು. ಈ ಸಲ ಪಿನ್ನುಗಳನ್ನು ಅವರು ತೋರಿಸಿದಲ್ಲೆಲ್ಲ ಚುಚ್ಚಿದೆವು. ಉಳಿದ ಸಡಿಲವನ್ನು ಅವರ ಬೆರಳು ಹೇಳಿದಂತೆ ಹಂಚಿ, ಒತ್ತಾಗಿ ಕಚ್ಚಾ ಹೊಲಿಗೆ ಹಾಕಿದೆವು. ಅತ್ತೆಯವರು ಕುರ್ಚಿಯನ್ನು ಯಂತ್ರದ ಪಕ್ಕಕ್ಕೆ ಎಳೆಸಿಕೊಂಡು, ಕೌದಿಯ ಭಾರವನ್ನು ತಮ್ಮ ಎರಡು ಕೈಗಳಿಂದ ಎತ್ತಿಹಿಡಿದರು. ನಾವು ತುಳಿದೆವು. ಎಳೆಯು ತೇಪೆಯ ಅಂಚನ್ನು ಬಳಸಿ, ಒಳಕ್ಕೆ ಸುತ್ತಿ, ಅವರ ಕೊನೆಯ ಸಾಲಿಗೆ ಹೋಗಿ ಸೇರಿತು. ಕೊನೆಯ ಗಂಟನ್ನು ಮಾತ್ರ ಅವರಿಂದಲೇ ಹಾಕಿಸಿದೆವು. ಊದಿದ ಬೆರಳಿನಿಂದ ಅದಕ್ಕೆ ಹತ್ತು ನಿಮಿಷ ಹಿಡಿಯಿತು.

ಮಾಘಮಾಸದಲ್ಲಿ ಮಗಳಿಗೆ ಹೆಣ್ಣು ಮಗುವಾಯಿತು. ಹನ್ನೆರಡನೆಯ ದಿನ ತೊಟ್ಟಿಲಲ್ಲಿ ಹಾಸಿದ ಕೌದಿಯನ್ನು ನೋಡಿ ಬಂದವರಲ್ಲೊಬ್ಬರು, ಯಂತ್ರದ ಹೊಲಿಗೆ ಎಲ್ಲಿಂದ ಆರಂಭವಾಗುತ್ತದೆಂದು ಕೇಳಿದರು. ಅದನ್ನು ಮರೆಮಾಚುವಂತಿರಲಿಲ್ಲ. ಅಂಗುಲಕ್ಕೆ ಐದಾರರಂತೆ ನಡೆದ ಅತ್ತೆಯವರ ಕೈಹೊಲಿಗೆ ಬಟ್ಟೆಯನ್ನು ಮೆತ್ತಗೆ ಉಬ್ಬಿಸಿದೆ. ನಮ್ಮದು ಒತ್ತಾಗಿದ್ದು ಚಪ್ಪಟೆಯಾಗಿದೆ. ಹಿಂಭಾಗದಲ್ಲಿ ಎರಡು ಕಡೆ ಕಣ್ಣೆವೆಗಳೂ ಇವೆ. ಒಗೆದ ಮೇಲೆ ಈ ಅಂತರ ಸ್ವಲ್ಪ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಅತ್ತೆಯವರು ಕೇಳಿದವರ ಕೈಹಿಡಿದು ಹಸಿರು ತೇಪೆಯ ಮೇಲಿಟ್ಟು, ಇಲ್ಲಿಂದ ಎಂದು ತಾವಾಗಿಯೇ ತೋರಿಸಿದರು.

ಈ ಹೊಲಿಗೆಯನ್ನು ಕಲಿಯಬೇಕೆಂದಿರುವ ಸೋದರಿಯರಿಗೆ ನಮ್ಮ ಬಿನ್ನಹವಿಷ್ಟೇ. ಮೊದಲ ತಿಂಗಳು ಬೆಲೆಯುಳ್ಳ ಬಟ್ಟೆಯನ್ನು ಮುಟ್ಟಬೇಡಿರಿ. ಹಿಡಿಯನ್ನು ಇಳಿಸಲು ಮರೆಯಬೇಡಿರಿ. ಸ್ಲೇಟಿನ ಮೇಲೆ ಬರೆಯಲಾರದುದನ್ನು ಬಟ್ಟೆಯ ಮೇಲೆ ಬರೆಯಲು ಹೋಗಬೇಡಿರಿ. ದಿನಕ್ಕೆ ಅರ್ಧ ಗಂಟೆ ಸಾಕು. ಆದರೆ ದಿನವೂ ಇರಬೇಕು. ಕೆಟ್ಟ ತುಂಡುಗಳನ್ನು ಎಸೆಯದೆ ತಾರೀಖು ಬರೆದು ಇಡಿರಿ. ಬೇಸರವಾದ ದಿನ ಮೊದಲನೆಯದನ್ನು ತೆಗೆದು ನೋಡಿದರೆ ಧೈರ್ಯ ಬರುತ್ತದೆ. ಮನೆಯಲ್ಲಿ ಹಿರಿಯರಿದ್ದರೆ, ಅವರಿಗೆ ಯಂತ್ರದ ಗಂಧವಿಲ್ಲದಿದ್ದರೂ, ಕೆಡಿಸಿದ ತುಂಡನ್ನು ಅವರ ಕೈಗೆ ಕೊಡಿರಿ. ಏನಾದರೂ ಹರಿದರೆ ಅದೇ ದಿನ ತೋರಿಸಿರಿ.

ಆ ಏಳು ಧೋತರಗಳ ತುಂಡುಗಳನ್ನು ಕೂಡಿಸಿ ಈಗ ಇನ್ನೊಂದು ಕೌದಿಗೆ ಕೈಹಚ್ಚಿದ್ದೇವೆ. ಇದನ್ನು ನಡುವಿನಿಂದ ಆರಂಭಿಸಿದ್ದೇವೆ. ಸಾಯಂಕಾಲ ದೀಪ ಹಚ್ಚಿದ ಮೇಲೆ ಅತ್ತೆಯವರು ಕುರ್ಚಿಯನ್ನು ಯಂತ್ರದ ಪಕ್ಕಕ್ಕೆ ಎಳೆಸಿಕೊಳ್ಳುತ್ತಾರೆ. ಕೂಸು ಅವರ ತೊಡೆಯ ಮೇಲಿರುವುದರಿಂದ ಬಟ್ಟೆಯ ಭಾರವನ್ನು ಎತ್ತಿಹಿಡಿಯಲು ಮಾತ್ರ ಈಗ ಬೇರೆ ಮೇಜನ್ನು ಇಟ್ಟುಕೊಂಡಿದ್ದೇವೆ.